ಅರ್ಲೀನಳ ಹಿತ್ತಲ ಮನೆ, ಇಬ್ಬರು ಹಿತೈಷಿಗಳು

ಅರ್ಲೀನ್ ಪೆಲ್ಕಿಗೆ ಒಳ್ಳೆಯದು ಮಾಡಿಯೇ ತೀರುತ್ತೇವೆಂದು ನಮ್ಮೂರಿನಲ್ಲಿ ಇಬ್ಬರು ಪಣ ತೊಟ್ಟಿದ್ದರು. ಅವಳ ದುರದೃಷ್ಟಕ್ಕೆ ಇಬ್ಬರೂ ನಿಜವಾಗಿ ಒಳ್ಳೆಯವರು. ಕೆಟ್ಟವರು ಕೆಡಿಸಿದರೆ ಬಯ್ದು ಹಗುರಾಗಬಹುದು. ಒಳ್ಳೆಯವರು ಕೆಡಿಸಿದರೆ ಜನ ‘ಪಾಪ, ಅವರ ಮನಸ್ಸು ಒಳ್ಳೆಯದು’ ಎಂದು ನಮ್ಮ ಬಾಯಿಯನ್ನೇ ಮುಚ್ಚಿಸುತ್ತಾರೆ. ನನ್ನ ಬಾಯಿ ಅಷ್ಟು ಸುಲಭವಾಗಿ ಮುಚ್ಚುವಂಥದ್ದಲ್ಲ. ನನ್ನ ಹೆಸರು ವಿನಿ, ಅರ್ಲೀನಳ ಪಕ್ಕದ ಮನೆಯವಳು. ಮಾರ್ಚ್ ತಿಂಗಳಲ್ಲಿ ಊರಿನ ಸಭೆ ಸೇರುವ ದಿನ ಶಾಲೆಯ ಅಡುಗೆಮನೆಯಲ್ಲಿ ಕಾಕಂಬಿ ಹಾಕಿ ಬೀನ್ಸ್ ಕಾಳು ಬೇಯಿಸಿ ಊರಿಗೆಲ್ಲ ಬಡಿಸುವವಳೂ ನಾನೇ. ಹಾಗಾಗಿ ಆ ದಿನ ನಡೆದದ್ದನ್ನೆಲ್ಲ ಬಡಿಸುವ ಕಿಂಡಿಯಿಂದ ಕಣ್ಣಾರೆ ಕಂಡಿದ್ದೇನೆ.

ಅರ್ಲೀನಳ ಅಪ್ಪ ನದಿ ದಂಡೆಯ ಕಾಗದದ ಗಿರಣಿಯಲ್ಲಿ ದುಡಿದವನು. ಮನೆಯಲ್ಲಿ ಫ್ರೆಂಚ್, ಬೀದಿಯಲ್ಲಿ ಇಂಗ್ಲಿಷ್, ಭಾನುವಾರ ಚರ್ಚು. ಹೈಸ್ಕೂಲು ಮುಗಿಯುತ್ತಲೇ ಅವಳು ಮರದ ದಿಮ್ಮಿ ಕಡಿದು ಸಾಗಿಸುವ ಆರ್ಮಾಂಡ್ ಪೆಲ್ಕಿಯನ್ನು ಮದುವೆಯಾದಳು. ಆರ್ಮಾಂಡ್ ಕುಡುಕನಲ್ಲ, ಹೊಡೆಯುವವನಲ್ಲ. ‘ಒಂದು ದಿನವೂ ಕೈ ಎತ್ತಲಿಲ್ಲ’ ಎಂದು ಅರ್ಲೀನಳೇ ಹೇಳುತ್ತಾಳೆ, ಅದೇನೋ ದೊಡ್ಡ ಪದಕ ಎಂಬಂತೆ. ಆದರೆ ಅವಳು ಯಾವ ಬಣ್ಣದ ಕೋಟು ತೊಡಬೇಕು, ಯಾರ ಮನೆಯಲ್ಲಿ ಎಷ್ಟು ಹೊತ್ತು ಕೂರಬೇಕು, ರೇಡಿಯೋ ಹಚ್ಚಬೇಕೋ ಬೇಡವೋ, ಎಲ್ಲದಕ್ಕೂ ಅವನ ಅಪ್ಪಣೆ ಬೇಕು. ಗಾಡಿಯ ಕೀಲಿ ಅವನ ಜೇಬಿನಲ್ಲಿ. ನಮ್ಮ ಮನೆಗೆ ಸಕ್ಕರೆ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದಳು. 

ಒಂದು ಚಳಿಗಾಲ ಮರ ಮೈಮೇಲೆ ಉರುಳಿ ಆರ್ಮಾಂಡ್ ಹೋದ. ಅರ್ಲೀನ್ ಶಾಸ್ತ್ರಕ್ಕೆ ಅಳಲಿಲ್ಲ, ನಿಜವಾಗಿಯೇ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮರ ಕೊಯ್ಯುವ ಮಿಲ್ಲಿನ ರೋಲಂಡ್ ಕ್ಯಾಸ್‌ನ ಹತ್ತಿರ ಹೋಗಿ, “ನಂಗೆ ಲಾರಿ ಓಡ್ಸೋದು ಕಲ್ಸು” ಎಂದಳು. ರೋಲಂಡ್ ಒಬ್ಬಂಟಿ, ಹಿಂದೆ ಮುಂದೆ ಯಾರೂ ಇಲ್ಲದವನು, ಬಾಯಿ ಬಿಟ್ಟರೆ ಬೈಗುಳ. ಮಿಲ್ಲಿನ ಹಳೇ ಲಾರಿಯಲ್ಲಿ ಕೂರಿಸಿಕೊಂಡು, ಗೇರು ಕಿರುಗುಟ್ಟಿದಾಗಲೆಲ್ಲ ಅವಳ ವಂಶವನ್ನೇ ಬಯ್ಯುತ್ತ ಕಲಿಸಿದ. ಅವಳೂ ತಿರುಗಿ ಬಯ್ಯುವುದನ್ನು ಕಲಿತಳು. ಮುಂದಿನ ಶರತ್ಕಾಲಕ್ಕೆ ಶಾಲೆಯ ಹಳದಿ ಬಸ್ಸಿನ ಸ್ಟೀರಿಂಗ್ ಹಿಡಿದು ಅರ್ಲೀನ್ ಕೂತಿದ್ದಳು.

ಅವಳ ಬಸ್ಸಿನಲ್ಲಿ ಗಲಾಟೆ ಇಲ್ಲ. ಟೋಪಿ ಮರೆತ ಮಗುವಿಗೆ ತನ್ನ ಟೋಪಿ ಹಾಕಿ ಕಳಿಸುತ್ತಾಳೆ, ಮರುದಿನ ವಾಪಸ್ ತರದಿದ್ದರೆ ಅವರಮ್ಮನಿಗೆ ಬಯ್ಯುತ್ತಾಳೆ. ಊರಿನ ವಿಧುರರು ಒಬ್ಬೊಬ್ಬರಾಗಿ ಬಂದು ಅವಳ ಮನೆಯ ಮುಂದೆ ಕೆಮ್ಮಿ ನೋಡಿದರು. ಎಲ್ಲರಿಗೂ ಒಂದೊಂದು ತುಂಡು ಆ್ಯಪಲ್ ಪೈ ಕೊಟ್ಟು ಕಳಿಸಿದಳು. “ಒಳ್ಳೆಯವನಾಗಿದ್ನಲ್ಲೇ ಆ ಡೇರಿಯವನು” ಎಂದು ನಾನು ಒಮ್ಮೆ ಕೆಣಕಿದೆ. “ಒಳ್ಳೆಯವ್ನೇ ಇರ್ಬೋದು ವಿನಿ. ಆದ್ರೆ ನಾನೀಗ ಮಂಚದ ಮಧ್ಯದಲ್ಲಿ ಮಲಗ್ತೀನಿ, ಗೊತ್ತಾ? ಮಧ್ಯದಲ್ಲಿ!” ಎಂದು ನಕ್ಕಳು. ಅಂಥ ನಗು ಆರ್ಮಾಂಡ್ ಇದ್ದಾಗ ನಾನು ಕಂಡಿರಲಿಲ್ಲ.

ರೋಲಂಡನ ಎದೆಗೆ ಮಿಲ್ಲಿನ ಮರದ ಹೊಟ್ಟು ಸೇರಿ ಸೇರಿ ಉಸಿರು ಕೆಟ್ಟಿತು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದ. ಆ ಕಟ್ಟಡವನ್ನು ಯಾರೋ ಕೊಂಡು ಹಿಮದ ಮೇಲೆ ಜಾರಾಡಲು ಬರುವವರ ವಸತಿ ಮಾಡಿದರು, ಮುದುಕ ಬೀದಿಗೆ ಬಿದ್ದ. ಅರ್ಲೀನಳದು ಗುಬ್ಬಿಗೂಡಿನಂಥ ಮನೆ. ಮಲಗುವ ಕೋಣೆ ಮೇಲೆ, ಏಣಿಯಂಥ ಮೆಟ್ಟಿಲು, ಅದು ರೋಲಂಡನ ಉಸಿರಿಗಾಗದು. ಕೆಳಗೆ ಅಡುಗೆಮನೆ ಬಿಟ್ಟರೆ ಮಂಚ ಹಿಡಿಸುವ ಜಾಗವಿಲ್ಲ. ನನ್ನ ಮನೆಯಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ತುಂಬಿ ತುಳುಕುತ್ತಿದ್ದಾರೆ. ಅದಕ್ಕೇ ಅರ್ಲೀನ್ ಹಿತ್ತಲಲ್ಲಿದ್ದ ಆರ್ಮಾಂಡನ ಸಾಮಾನಿನ ಶೆಡ್ಡನ್ನು ಖಾಲಿ ಮಾಡಿದಳು. ರೋಲಂಡ್ ಕೂತು ಕೂತು, ಕೆಮ್ಮಿ ಕೆಮ್ಮಿ, ಹಲಗೆ ಹೊಡೆದ. ಕಿಟಕಿ ಬಂತು, ಸೌದೆ ಒಲೆ ಬಂತು, ಮಂಚ ಬಂತು. ಸಂಜೆ ಇಬ್ಬರೂ ಇಸ್ಪೀಟು ಹಾಕಿಕೊಂಡು ಜಗಳ ಕಾಯುತ್ತಿದ್ದರು. ಪ್ರೇಮ ಗೀಮ ಏನೂ ಇಲ್ಲ. ಹುಡುಕಿ ಹುಡುಕಿ ಊರಿಗೇ ಸುಸ್ತಾಯಿತು.

ರಸ್ತೆಯ ಮೇಲ್ತುದಿಯಲ್ಲಿ ರಜೆ ಕಳೆಯಲು ಮನೆ ಮಾಡಿಕೊಂಡ ಪಟ್ಟಣದವರಿಗೆ ಆ ಶೆಡ್ಡಿನ ಹೊಗೆ ಕಣ್ಣಿಗೆ ಬಿತ್ತು. ದೂರು ಹೋಯಿತು. ಊರಿನ ಆಡಳಿತ ನೋಡಿಕೊಳ್ಳಲು ನಾವು ಆರಿಸಿದ ಮೂವರಲ್ಲಿ ಒಬ್ಬ ಕಾರ್ಲ್‌ಟನ್ ಬೀಡ್. ಅವನು ಬೂಟಿನ ಹಿಮ ಕೊಡವುತ್ತ ಬಂದು ನಿಂತಾಗ ನಾನೂ ಅಲ್ಲಿದ್ದೆ.

“ರೋಲಂಡ್ ನಿಂಗೇನಾಗ್ಬೇಕು ಅರ್ಲೀನ್?”

“ಏನೂ ಆಗ್ಬೇಕಾಗಿಲ್ಲ. ಅದಕ್ಕೇ ಚೆನ್ನಾಗಿದೀವಿ.”

“ತಮಾಷೆ ಅಲ್ಲಮ್ಮ. ಹಿತ್ತಲ ಮನೇಲಿ ಸಂಬಂಧಿಕರು ಮಾತ್ರ ಇರ್ಬಹುದು ಅಂತ ಊರಿನ ಕಾನೂನಿದೆ. ಒಂದು ರಕ್ತ ಸಂಬಂಧ ಇರ್ಬೇಕು, ಇಲ್ಲಾ ಮದುವೆ ಸಂಬಂಧ.”

“ನಿನ್ನ ಭಾಮೈದ ನಿನ್ನ ಗ್ಯಾರೇಜಲ್ಲಿ ಕುಡಿದು ಬಿದ್ದಿರ್ತಾನಲ್ಲಪ್ಪ, ಅವ್ನು ಇರ್ಬಹುದಾ?” ಎಂದೆ ನಾನು.

“ಅವ್ನು ಸಂಬಂಧಿಕ.”

“ನಿನ್ನ ಕರ್ಮ!”

ಹಿಮ ಕರಗಿ ಕೆಸರು ಏಳುವುದರೊಳಗೆ ರೋಲಂಡ್ ಖಾಲಿ ಮಾಡಬೇಕು, ಇಲ್ಲದಿದ್ದರೆ ಕೇಸು ಎಂದು ಹೇಳಿ ಕಾರ್ಲ್‌ಟನ್ ಹೋದ. ಖಾಲಿ ಮಾಡಿ ಹೋಗುವುದೆಲ್ಲಿಗೆ? ಗುಡ್ಡದಾಚೆ ಜಿಲ್ಲಾಡಳಿತ ನಡೆಸುವ ಕೌಂಟಿ ವೃದ್ಧಾಶ್ರಮಕ್ಕೆ. ಮುದುಕ ಅದರ ಹೆಸರು ಕೇಳಿದರೇ ಮುಖ ತಿರುಗಿಸುತ್ತಿದ್ದ. “ಅಲ್ಲಿಗೆ ಹೋದವ್ರು ಪೆಟ್ಟಿಗೇಲಿ ಮಾತ್ರ ವಾಪಸ್ ಬರೋದು” ಎನ್ನುತ್ತಿದ್ದ.

ಸುದ್ದಿ ಕೇಳಿ ಮೊದಲು ಓಡಿಬಂದವನು ಬ್ರಾಂಟ್ ಹೆಸ್ಕೆಟ್. ನ್ಯೂ ಹ್ಯಾಂಪ್‌ಶೈರಿನಲ್ಲಿ ಸ್ವಾತಂತ್ರ್ಯ ಹೆಚ್ಚು ಎಂದು ಓಹಿಯೋ ಬಿಟ್ಟು ಬಂದ ಲಿಬರ್ಟೇರಿಯನ್, ಸರ್ಕಾರ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು ಎನ್ನುವವನು. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಯಾರಿಗಾದರೂ ಕೊಡಲು ತನ್ನ ಕೋಳಿಗಳ ಮೊಟ್ಟೆ. ಕೇಳದೆಯೇ ಅರ್ಲೀನಳ ಅಂಗಳದ ಹಿಮ ತೆಗೆಯುತ್ತಿದ್ದವನು ಅವನೇ. ಅವನ ಬೆನ್ನಿಗೇ ಮಾರ್ಗೋ ಲಿಂಡ್‌ಕ್ವಿಸ್ಟ್ ಬಂದಳು. ಬಾಸ್ಟನ್ನಿನಲ್ಲಿ ಬಡವರ ಪರ ವಕೀಲಿಕೆ ಮಾಡಿ, ನಿವೃತ್ತಳಾಗಿ ಇಲ್ಲಿ ನೆಲೆಸಿದ ಲಿಬರಲ್, ಸರ್ಕಾರ ಬಡವರ ಕೈ ಹಿಡಿಯಬೇಕು ಎನ್ನುವವಳು. ನಮ್ಮ ಲೈಬ್ರರಿ ಉಸಿರಾಡುತ್ತಿರುವುದೇ ಅವಳಿಂದ. ಕಾಯಿಲೆ ಬಿದ್ದವರ ಮನೆಗೆ ಸೂಪು ತಲುಪಿಸುವವಳೂ ಅವಳೇ. ಹಿಂದಿನ ವರ್ಷಗಳ ಸಭೆಗಳಲ್ಲಿ ಇವರಿಬ್ಬರೂ ಹಾವು ಮುಂಗುಸಿ.

ಅರ್ಲೀನಳ ಅಡುಗೆಮನೆಯಲ್ಲಿ ಒಂದೇ ಮೇಜಿಗೆ ಕೂತರು.

“ನಿಮ್ಮ ಜಾಗ, ನಿಮ್ಮ ಶೆಡ್ಡು, ನಿಮ್ಮ ಒಲೆ. ಊರಿಗ್ಯಾಕಮ್ಮ ಈ ಉಸಾಬರಿ?” ಎಂದ ಬ್ರಾಂಟ್.

“ಸರಿಯಾಗಿ ಹೇಳ್ದೆ. ಉಸಿರು ಸರಿಯಿಲ್ದೋರನ್ನ ಹೊರಗೆ ಹಾಕೋ ಊರೂ ಒಂದು ಊರೇ?” ಎಂದಳು ಮಾರ್ಗೋ.

ಆಮೇಲೆ ಮಾತಿಗೆ ಮಾತು ಬೆಳೆಯಿತು, ಆದರೆ ಜಗಳಕ್ಕಲ್ಲ. ಗಾಂಜಾ ಸೇದಿದ ಹುಡುಗರನ್ನು ಜೈಲಿಗೆ ಹಾಕಬಾರದು ಎಂದ ಇವನು, ಖಂಡಿತ ಎಂದಳು ಅವಳು. ಗಂಡು ಗಂಡನ್ನು ಮದುವೆಯಾದರೆ ಊರಿನ ಗಂಟೇನು ಹೋಯಿತು ಎಂದಳು ಅವಳು, ಅದನ್ನೇ ನಾನು ಚಿಕ್ಕಂದಿನಿಂದ ಹೇಳುತ್ತಿದ್ದೇನೆ ಎಂದ ಇವನು. ಪೊಲೀಸರು ವಾರಂಟ್ ಇಲ್ಲದೆ ಮನೆಯೊಳಗೆ ಕಾಲಿಡಬಾರದು, ಲೈಬ್ರರಿಯ ಕಪಾಟಿನಿಂದ ಯಾರೂ ಪುಸ್ತಕ ತೆಗೆಸಬಾರದು, ದೂರದ ಯುದ್ಧಕ್ಕೆ ನಮ್ಮ ಮಕ್ಕಳನ್ನು ಕಳಿಸಬಾರದು. ಎಲ್ಲದಕ್ಕೂ ಇಬ್ಬರ ತಲೆಯೂ ಒಟ್ಟಿಗೇ ಅಲ್ಲಾಡಿತು. ರೋಲಂಡ್ ನನ್ನ ಕಡೆ ಬಾಗಿ, “ಏನ್ ವಿನಿ, ಇವ್ರಿಬ್ರೂ ಒಂದೇ ತೊಟ್ಲಲ್ಲಿ ಬೆಳೆದೋರ ಹಾಗಿದಾರಲ್ಲ?” ಎಂದ. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಮಾರ್ಗೋ ಕಿಟಕಿಯಿಂದ ಶೆಡ್ಡಿನ ಹೊಗೆ ಕೊಳವೆ ನೋಡಿದಳು. “ವರ್ಷಕ್ಕೊಂದ್ಸಲ ಊರಿನ ಕಡೆಯಿಂದ ಯಾರಾದ್ರೂ ಬಂದು ಆ ಒಲೆ ನೋಡ್ಕೊಂಡು ಹೋಗ್ಬೇಕು, ಅಲ್ವಾ?”

“ನೋಡೋಕೆ ಅಂತ ಒಳಗೆ ಬಿಟ್ಟೋನು ನಾಳೆ ಅವನೇ ಬೀಗ ಹಾಕ್ತಾನೆ” ಎಂದ ಬ್ರಾಂಟ್. ಅವನ ತಾಯಿ ಮನೆಯಲ್ಲೇ ಬ್ರೆಡ್ಡು ಮಾಡಿ ಬೀದಿಯವರಿಗೆ ಮಾರುತ್ತಿದ್ದಳಂತೆ. ಅಧಿಕಾರಿ ಬಂದು, ಲೈಸೆನ್ಸ್ ಇಲ್ಲವೆಂದು ಒಲೆ ಆರಿಸಿ ಹೋದನಂತೆ. ಆಮೇಲೆ ಆಕೆ ಬೆಳಿಗ್ಗೆ ಹಾಸಿಗೆಯಿಂದ ಏಳುವುದನ್ನೇ ಬಿಟ್ಟಳಂತೆ. 

ಮಾರ್ಗೋಳ ಮುಖ ಕೆಂಪಾಯಿತು. ಅವಳು ವಕೀಲೆಯಾಗಿದ್ದಾಗ ತೋಟದ ಮಾಲೀಕನೊಬ್ಬ ಸೇಬು ಬಿಡಿಸುವ ಕೂಲಿಯವರನ್ನು ಕೋಳಿಗೂಡಿನಲ್ಲಿ ಮಲಗಿಸಿದ್ದನಂತೆ, ತನ್ನ ಜಾಗ ತನ್ನಿಷ್ಟ ಎಂದು. ಒಲೆಯ ಬೆಂಕಿ ಹತ್ತಿತು, ಬಾಗಿಲು ಒಂದೇ ಇತ್ತು. ಸತ್ತವರ ಗುರುತು ಹೇಳಲು ಹೋದವಳು ಇವಳೇ. “ಆ ವಾಸನೆ ಇನ್ನೂ ನನ್ನ ಮೂಗಲ್ಲಿದೆ ಬ್ರಾಂಟ್” ಎಂದಳು.

ಇಬ್ಬರ ಕಥೆಯೂ ಸುಳ್ಳಲ್ಲ. ಯಾರೂ ನನ್ನ ತಂಟೆಗೆ ಬರದಿದ್ದರೆ ಅದೇ ಸ್ವಾತಂತ್ರ್ಯ ಎನ್ನುವವನು ಇವನು. ಬಿದ್ದಾಗ ಎತ್ತುವವರಿಲ್ಲದಿದ್ದರೆ ಅದೆಂಥ ಸ್ವಾತಂತ್ರ್ಯ ಎನ್ನುವವಳು ಅವಳು. ಇಬ್ಬರಿಗೂ ಬೇಕಾದದ್ದು ಮನುಷ್ಯ ತಲೆಯೆತ್ತಿ ಬದುಕುವುದೇ. ಆದರೆ ಊರೆಂಬುದು ಅವನ ಕಣ್ಣಿಗೆ ಬಾಗಿಲು ಒಡೆಯುವ ಕೈ, ಅವಳ ಕಣ್ಣಿಗೆ ಬೆಂಕಿಯಿಂದ ಎಳೆದುಕೊಳ್ಳುವ ಕೈ.

ಅರ್ಲೀನ್ ಕಾಫಿ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. “ನಿಮ್ಮ ದೊಡ್ಡ ಮಾತು ನಂಗೆ ಬೇಡ. ರೋಲಂಡ್ ನನ್ನ ಹಿತ್ತಲಲ್ಲಿ ಇರ್ಲಿ, ಊರು ಅವನ ತಂಟೆಗೆ ಹೋಗದಿರ್ಲಿ. ಸಭೆಗೆ ಅಷ್ಟು ಬರೀರಿ, ಸಾಕು.” ಅಷ್ಟನ್ನೇ ಬರೆದರು. ಇಬ್ಬರೂ ಮನೆ ಮನೆ ತಿರುಗಿ ಸಹಿ ಹಾಕಿಸಿದರು. ಕಾರ್ಲ್‌ಟನ್‌ನ ಕಡೆಯವರು ಬಿಟ್ಟರೆ ಊರಿಗೆ ಊರೇ ಒಪ್ಪಿತ್ತು.

ಸಭೆಯ ದಿನ ಶಾಲೆಯ ಆಟದ ಕೋಣೆ ತುಂಬಿತ್ತು. ಹೆಂಗಸರು ಸ್ವೆಟರ್ ಹೆಣೆಯುತ್ತಿದ್ದರು, ಎಲ್ಲರ ತೊಡೆಯ ಮೇಲೂ ಮತ ಹಾಕಲು ಕಿತ್ತಳೆ ಬಣ್ಣದ ಕಾರ್ಡು. ರೋಲಂಡ್ ಜನರ ಮುಖ ನೋಡಲಾರೆ ಎಂದು ನನ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಅರ್ಲೀನ್ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಸಭಾಧ್ಯಕ್ಷರು ಆ ಒಂದು ಸಾಲು ಓದಿದರು. ಆ ಕ್ಷಣ ಕಾರ್ಡು ಎತ್ತಿಸಿದ್ದರೆ ಎರಡು ನಿಮಿಷದ ಕೆಲಸ.

ಬ್ರಾಂಟ್ ಎದ್ದ. ತಿದ್ದುಪಡಿಯಂತೆ! “ತನ್ನ ಜಾಗದಲ್ಲಿ ಯಾರು ಯಾವ ಮನೆ ಕಟ್ಟಿ ಯಾರನ್ನಿಟ್ಟುಕೊಂಡರೂ ಊರಿನ ಅಪ್ಪಣೆ ಬೇಕಿಲ್ಲ” ಎಂಬುದನ್ನೂ ಆ ಸಾಲಿಗೆ ಸೇರಿಸಬೇಕಂತೆ. “ಒಬ್ಬ ರೋಲಂಡನಿಗೆ ಮಾತ್ರ ಯಾಕೆ ದಯೆ? ಹಕ್ಕು ಅಂದ್ಮೇಲೆ ಎಲ್ರಿಗೂ ಇರ್ಬೇಕು” ಎಂದ.

“ಲೇ ಬ್ರಾಂಟ್, ಕೂತ್ಕೊಳ್ಳೋ!” ಎಂದು ನಾನು ಕಿಂಡಿಯಿಂದ ಕೂಗಿದೆ. ಅಧ್ಯಕ್ಷರು ಸುತ್ತಿಗೆ ಕುಟ್ಟಿ, “ಅಡುಗೆಮನೆಯವರು ಸುಮ್ಮನಿರಬೇಕು” ಎಂದರು. ಮೂವತ್ತು ವರ್ಷ ಇವರ ಹೊಟ್ಟೆ ತುಂಬಿಸಿದ್ದಕ್ಕೆ ಸಿಕ್ಕ ಮರ್ಯಾದೆ ಅದು.

ಮಾರ್ಗೋ ಸುಮ್ಮನಿರುವವಳೇ? ಅವಳ ಮೂಗಿನಲ್ಲಿ ಆ ವಾಸನೆ ಎದ್ದಿತ್ತು. “ಸೂರು ಎಲ್ಲರ ಹಕ್ಕು, ಊರೇ ಒಂದು ಸಮಿತಿ ಮಾಡಿ ಇಂಥ ಮನೆಗಳನ್ನೆಲ್ಲ ತಪಾಸಣೆ ಮಾಡಬೇಕು, ಇಲ್ಲದವರಿಗೆ ಸೂರು ಒದಗಿಸಬೇಕು” ಎಂದು ಇನ್ನೊಂದು ತಿದ್ದುಪಡಿ ತಂದಳು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು.

ಆಗ ನಾನು ಕಂಡದ್ದನ್ನು ಹೇಳುತ್ತೇನೆ, ಕೇಳಿ. ಬ್ರಾಂಟ್‌ನ ತಿದ್ದುಪಡಿಗೆ ಕಾರ್ಡು ಎತ್ತಿ ಎಂದಾಗ ಬ್ರಾಂಟ್‌ನ ಕಡೆಯವರ ಜೊತೆ ಕಾರ್ಲ್‌ಟನ್‌ನ ಅಣ್ಣ, ಭಾಮೈದ, ಸೊಸೆ, ಎಲ್ಲರೂ ಎತ್ತಿದರು. ಗೆದ್ದಿತು. ಮಾರ್ಗೋಳ ತಿದ್ದುಪಡಿಗೆ ಕಾರ್ಡು ಎತ್ತಿ ಎಂದಾಗ ಮಾರ್ಗೋಳ ಕಡೆಯವರ ಜೊತೆ ಮತ್ತೆ ಅದೇ ಅಣ್ಣ, ಭಾಮೈದ, ಸೊಸೆ. ಅದೂ ಗೆದ್ದಿತು. ಎರಡು ಬಾಲ ಕಟ್ಟಿದ ಮೇಲೆ ಆ ಪ್ರಾಣಿ ಓಡುವುದಿಲ್ಲ ಎಂದು ಕಾರ್ಲ್‌ಟನ್‌ಗೆ ಗೊತ್ತಿತ್ತು. ಈ ಇಬ್ಬರು ಓದಿದವರಿಗೆ ಗೊತ್ತಾಗಲಿಲ್ಲ, ಇಬ್ಬರೂ ಗೆದ್ದ ಸಂತೋಷದಲ್ಲಿದ್ದರು.

ಕೊನೆಗೆ ಪೂರ್ತಿ ನಿರ್ಣಯಕ್ಕೆ ಮತ. ಸಮಿತಿ, ತಪಾಸಣೆ ಇರುವುದಕ್ಕೆ ಬ್ರಾಂಟ್‌ನ ಜನ ಕೈ ಎತ್ತಲಿಲ್ಲ. ಕೋಳಿಗೂಡಿನ ಮಾಲೀಕನಿಗೂ ಅಪ್ಪಣೆ ಬೇಡ ಎನ್ನುವುದಕ್ಕೆ ಮಾರ್ಗೋಳ ಜನ ಕೈ ಎತ್ತಲಿಲ್ಲ. ಕಾರ್ಲ್‌ಟನ್‌ನ ಜನ ಮೊದಲೇ ಎತ್ತುವವರಲ್ಲ. ಒಬ್ಬೊಬ್ಬರನ್ನೇ ಕೇಳಿದರೆ ರೋಲಂಡ್ ಇರಲಿ ಎನ್ನುತ್ತಿದ್ದ ಊರು ರೋಲಂಡ್ ಬೇಡ ಎಂದಿತು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಮತ ಮುಗಿದ ಮೇಲೆ ಯಾರಾದರೂ ಎದ್ದು, ಈ ವಿಷಯವನ್ನು ಮತ್ತೆ ತೆರೆಯಬಾರದು ಎಂದು ಕೇಳಬಹುದು. ಸಭೆ ಒಪ್ಪಿದರೆ ಬೀಗ ಬಿತ್ತು. ಕಾರ್ಲ್‌ಟನ್ ತಕ್ಷಣ ಎದ್ದು ಬೀಗ ಕೇಳಿದ. ಆಗ ಬ್ರಾಂಟ್ ಕಾರ್ಡು ಎತ್ತಿದ, ಮಾರ್ಗೋಳ ಸಮಿತಿ ಇನ್ನೊಮ್ಮೆ ತಲೆಯೆತ್ತದಿರಲಿ ಎಂದು. ಮಾರ್ಗೋ ಕಾರ್ಡು ಎತ್ತಿದಳು, ಬ್ರಾಂಟ್‌ನ ಸಾಲು ಇನ್ನೊಮ್ಮೆ ಬಾರದಿರಲಿ ಎಂದು. ಅರ್ಲೀನ್ ಬೆಂಚಿನಲ್ಲಿ ತಿರುಗಿ ಇಬ್ಬರನ್ನೂ ನೋಡಿದಳು. ನನ್ನ ಪಿತ್ತ ನೆತ್ತಿಗೇರಿತು.

ಊಟಕ್ಕೆ ಬಿಟ್ಟರು. ಬ್ರಾಂಟ್ ತಟ್ಟೆ ಹಿಡಿದು ಕಿಂಡಿಗೆ ಬಂದ.

“ಕಾಳಿಲ್ಲ. ನಿನ್ನ ತತ್ತ್ವ ತಿನ್ನು” ಎಂದೆ.

“ವಿನಿ, ಒಬ್ಬನಿಗೆ ವಿನಾಯಿತಿ ಕೇಳೋದು ಅಂದ್ರೆ ಭಿಕ್ಷೆ ಬೇಡಿದ ಹಾಗೆ...”

“ಭಿಕ್ಷೆನೇ ಬೇಡೋ ಮಾರಾಯ! ಮಾನ ಹೋಗೋದು ನಿಂದು, ಮನೆ ಹೋಗೋದು ಅವಂದು!”

ಹಿಂದೆ ನಿಂತಿದ್ದ ಮಾರ್ಗೋ ಮೆಲ್ಲಗೆ, “ಅಂಥ ನಿರ್ಣಯಕ್ಕೆ ಓಟು ಹಾಕೋಕೆ ನನ್ನ ಆತ್ಮಸಾಕ್ಷಿ ಒಪ್ಲಿಲ್ಲ” ಎಂದಳು.

“ನಿನ್ನ ಆತ್ಮಸಾಕ್ಷಿ ಇವತ್ತೂ ಬೆಚ್ಚಗೆ ಮಲಗತ್ತೆ ಬಿಡು. ಈ ಮುದುಕ ಎಲ್ಲಿ ಮಲಗ್ಬೇಕು, ಅದನ್ನ ಹೇಳು.”

ಆಗ ಇಬ್ಬರಿಗೂ ಹೊಳೆಯಿತು. ಓಡಿಹೋಗಿ, ಮೊದಲಿನ ಆ ಒಂದು ಸಾಲನ್ನು ಮತ್ತೆ ಮತಕ್ಕೆ ಹಾಕಿ ಎಂದು ಅಧ್ಯಕ್ಷರನ್ನು ಕೇಳಿದರು. ಬೀಗ ಹಾಕಿದವರೇ ನೀವಲ್ಲವೇ ಎಂದರು ಅಧ್ಯಕ್ಷರು. ವಾಪಸ್ ಬಂದು, ನನ್ನ ಮನೆಗೆ ಬಾ ಎಂದು ಇವನು, ಇಲ್ಲ, ನನ್ನ ಮನೆಯಲ್ಲಿ ಕೋಣೆ ಇದೆ ಎಂದು ಅವಳು, ರೋಲಂಡನ ಎರಡು ತೋಳು ಹಿಡಿದು ನಿಂತರು. ರೋಲಂಡ್ ಒದ್ದೆ ಕೈ ಒರೆಸಿಕೊಂಡು, “ಬೇಡ ತಾಯಿ, ಬೇಡಪ್ಪ. ನಿಮ್ಮ ಮನೇಲಿ ಒಂದು ವಾರ ಇದ್ರೆ ನನಗೇ ತಿದ್ದುಪಡಿ ತಂದುಬಿಡ್ತೀರಿ. ನಾನು ಹಲಗೆ ಹೊಡೆದ ಮನೆ ಬಿಟ್ರೆ ಕೌಂಟಿನೇ ಸರಿ” ಎಂದ. ಆ ಸಂಜೆಯೇ ಪೆಟ್ಟಿಗೆ ಕಟ್ಟತೊಡಗಿದ.

ಎರಡು ದಿನ ಅರ್ಲೀನ್ ಬಸ್ಸು ಓಡಿಸಿ ಬಂದು ನೇರ ರೋಲಂಡನ ಶೆಡ್ಡಿಗೆ ಹೋಗುತ್ತಿದ್ದಳು. ಮೂರನೆಯ ದಿನ ಬಸ್ಸು ನಿಲ್ಲಿಸಿ ನೇರ ನನ್ನ ಮನೆಗೆ ಬಂದಳು. “ಶುಕ್ರವಾರ ಬಿಡುವು ಮಾಡ್ಕೊ ವಿನಿ. ನಾನೂ ರೋಲಂಡೂ ಮದುವೆ ಆಗ್ತಿದೀವಿ.”

“ನಿಂಗೆ ತಲೆ ಕೆಟ್ಟಿದ್ಯಾ?”

“ರಕ್ತ ಸಂಬಂಧ ಇಲ್ಲಾ ಮದುವೆ ಸಂಬಂಧ ಅಂದ್ನಲ್ಲ ಕಾರ್ಲ್‌ಟನ್. ರಕ್ತ ಬದಲಾಯ್ಸೋಕೆ ಆಗಲ್ಲ.” ಅವಳು ನಗುತ್ತಿರಲಿಲ್ಲ. “ಆ ಮುದುಕ ಒಪ್ತಾ ಇರ್ಲಿಲ್ಲ. ಕೌಂಟಿಗೆ ಹೋಗಿ ಸಾಯ್ತೀನಿ, ನಿನ್ನ ಕುತ್ತಿಗೆಗೆ ಬೀಳಲ್ಲ ಅಂತ ಅತ್ತ. ಬಯ್ದು ಒಪ್ಸಿದೆ.”

ಶುಕ್ರವಾರ ಊರಿನ ಕಚೇರಿಯ ಗುಮಾಸ್ತೆಯ ಮೇಜಿನ ಮುಂದೆ ಮದುವೆಯಾಯಿತು. ಅರ್ಲೀನ್ ಬಸ್ಸಿನ ಜಾಕೆಟ್ಟಿನಲ್ಲೇ ಬಂದಿದ್ದಳು. ರೋಲಂಡ್ ಕ್ಯಾಸ್ ಗಡ್ಡ ಹೆರೆದುಕೊಂಡು, ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಕಾರ್ಲ್‌ಟನ್ ಒಳಕೋಣೆಯಿಂದ ಇಣುಕಿ, “ಈಗ ಕಾನೂನು ಪ್ರಕಾರ ಸರಿಹೋಯ್ತು” ಎಂದು ಹೋದ. ಬ್ರಾಂಟ್ ಮೊಟ್ಟೆ ತಂದಿದ್ದ, ಮಾರ್ಗೋ ಹೂವು ತಂದಿದ್ದಳು.

“ಸರ್ಕಾರಕ್ಕೇ ಚಳ್ಳೆಹಣ್ಣು ತಿನ್ಸಿದ್ರಿ ಅರ್ಲೀನ್! ಇಬ್ರು ಮನುಷ್ಯರು ತಾವಾಗೇ ಮಾಡ್ಕೊಂಡ ಒಪ್ಪಂದ, ಇದಕ್ಕಿಂತ ದೊಡ್ಡದು ಯಾವುದಿದೆ?” ಎಂದ ಬ್ರಾಂಟ್.

“ಅದಕ್ಕೇ ಮದುವೆಯ ಹಕ್ಕಿಗೆ ನಾವು ಅಷ್ಟು ಹೋರಾಡಿದ್ದು” ಎಂದಳು ಮಾರ್ಗೋ. ಕಣ್ಣಲ್ಲಿ ನೀರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಇದರಲ್ಲಿ ಮಾತ್ರ ಒಮ್ಮತ! ಆ ಮೊಟ್ಟೆಯನ್ನು ಅಲ್ಲೇ ಇಬ್ಬರ ತಲೆಗೂ ಒಡೆಯಬೇಕು ಅನಿಸಿತು ನನಗೆ.

ಅರ್ಲೀನ್ ಸಹಿ ಮಾಡಿ ಪೆನ್ನು ಕೆಳಗಿಟ್ಟಳು.

“ನೀವಿಬ್ರೂ ನನ್ನ ಸ್ವಾತಂತ್ರ್ಯದ ವಿಷ್ಯ ತುಂಬಾ ಮಾತಾಡಿದ್ರಿ” ಎಂದಳು, ದನಿ ಏರಿಸದೆ. “ಅದು ಯಾವುದು ಅಂತ ಒಬ್ರಾದ್ರೂ ನನ್ನ ಕೇಳಿದ್ರಾ? ಯಾರ ಹೆಂಡ್ತಿನೂ ಅಲ್ದೆ ಇರೋದು. ನನಗಿದ್ದದ್ದು ಅದೊಂದೇ.”

 ಅವಳು ರೋಲಂಡನ ತೋಳು ಹಿಡಿದು ಬಾಗಿಲ ಕಡೆ ನಡೆದಳು. ಮೇಜಿನ ಮೇಲೆ ಅವಳ ಕೈಗವಸು ಉಳಿದಿತ್ತು. ಗುಮಾಸ್ತೆ ಅದನ್ನೆತ್ತಿಕೊಂಡು, “ಮಿಸೆಸ್ ಕ್ಯಾಸ್” ಎಂದು ಕರೆದಳು. ಅರ್ಲೀನ್ ನಡೆಯುತ್ತಲೇ ಇದ್ದಳು. ಗುಮಾಸ್ತೆ ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ ಕರೆದಾಗ ತಿರುಗಿದಳು.